ಚಂದ್ರ ಕಾಣದ ಊರಿನಲ್ಲಿ ಅಜ್ಜಿಯ ಸಂಕಷ್ಟಿ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಅಂದರೆ ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ನಾವು ಸ್ಯಾನ್ ಡಿಯಾಗೋದಲ್ಲಿದ್ದೆವು. ತಿಂಗಳಿಗೊಮ್ಮೆ ಬರುವ ಸಂಕಷ್ಟಿಯ ದಿನ ನನ್ನ ಅಜ್ಜಿ ಚಂದ್ರನನ್ನು ನೋಡಿಯೇ ಊಟ ಮಾಡುತ್ತಿದ್ದರು. ಜೂನ್ ತಿಂಗಳಲ್ಲಿ ಕಡಲ ಮಂಜು ಕವಿದರೆ ಅಪ್ಪ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು, ಮಂಜು ಮುಗಿಯುವವರೆಗೂ ಪೂರ್ವಕ್ಕೆ ಡ್ರೈವ್ ಮಾಡುತ್ತಿದ್ದರು. ಚಂದ್ರನಿಗೆ ಅಷ್ಟು ಮರ್ಯಾದೆ ಕೊಟ್ಟ ಮನೆ ಇನ್ನೊಂದಿರಲಾರದು.

ಒಂದು ಬೇಸಿಗೆ ರಜೆಯಲ್ಲಿ ಅಮ್ಮ ಪಂಚಾಂಗ ನೋಡದೆ ನಾರ್ವೆಗೆ ಟಿಕೆಟ್ ಬುಕ್ ಮಾಡಿಬಿಟ್ಟರು. ಆ ದೇಶದ ಉತ್ತರದ ತುದಿಯಲ್ಲಿ, ಕಡಿದಾದ ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫ್ಯೋರ್ಡಿನ ದಡದಲ್ಲಿ, ಮೀನುಗಾರರ ಪುಟ್ಟ ಊರು. ಕೆಂಪು ಬಣ್ಣದ ಮರದ ಮನೆಗಳು, ಒಣಹಾಕಿದ ಬಲೆಗಳು, ಎಲ್ಲೆಲ್ಲೂ ಮೀನಿನ ವಾಸನೆ. ಅಜ್ಜಿ ಮೂಗಿಗೆ ಹಿಡಿದ ಸೆರಗನ್ನು ಬಿಡಲೇ ಇಲ್ಲ. ನಾವು ಹೋದ ಮರುದಿನವೇ ಸಂಕಷ್ಟಿ. ಅಲ್ಲಿ ಆಗ ಸೂರ್ಯ ಮುಳುಗುವುದೇ ಇಲ್ಲ, ಚಂದ್ರ ಬೆಟ್ಟದ ಮರೆಯಿಂದ ಮೇಲೆ ಬರುವುದೂ ಇಲ್ಲ.

ಊಟದ ಹೊತ್ತಾಯಿತೆಂದು ಗಡಿಯಾರ ಹೇಳಿತು. ಬೆಳಗಿನಿಂದ ಅಜ್ಜಿ ಕುಡಿದಿದ್ದು ಬರೀ ಹಾಲು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ನನಗೆ ಅಳು ಬರುವಷ್ಟು ಭಯವಾಯಿತು. ಅಪ್ಪ ಕಾರಿನ ಕೀ ಹಿಡಿದು ನಿಂತರು, ಆದರೆ ರಸ್ತೆ ಆ ಊರಿಗೇ ಮುಗಿದಿತ್ತು, ಹಿಂದಕ್ಕೆ ಹೋದರೂ ಬರೀ ಬೆಟ್ಟಗಳೇ. ಅಕ್ಕ ಫೋನಿನಲ್ಲಿ ಚಂದ್ರ ಎಲ್ಲಿದ್ದಾನೆಂದು ತೋರಿಸಿದಳು.

"ಅದು ಫೋನ್ ನೋಡಿದ್ದು ಕಣೆ, ನಾನು ನೋಡಿದ್ದಲ್ಲ," ಎಂದರು ಅಜ್ಜಿ.

ದಡದ ಕಟ್ಟೆಯ ಮೇಲೆ ಊರಿನ ಹೆಂಗಸರು ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕೂತಿದ್ದರು. ದೋಣಿಗಳು ದೂರದಲ್ಲೇ ನಿಂತಿದ್ದವು. ಅವರು ಯಾಕೆ ಕಾಯುತ್ತಿದ್ದಾರೆಂದು ಕೇಳಿಕೊಂಡು ಬರಲು ಅಜ್ಜಿ ಅಕ್ಕನನ್ನು ಕಳಿಸಿದರು.

"ನೀರು ಏರ್ಬೇಕಂತೆ ಅಜ್ಜಿ. ಅಲ್ಲೀವರೆಗೂ ದೋಣಿ ದಡಕ್ಕೆ ಬರಲ್ವಂತೆ," ಎಂದಳು ಅಕ್ಕ.

ಅಜ್ಜಿ ಎದ್ದು ಹೋಗಿ ಆ ಹೆಂಗಸರ ಪಕ್ಕದಲ್ಲೇ ಕೂತರು. ಯಾರೋ ಅವರ ಕಾಲ ಮೇಲೆ ಕಂಬಳಿ ಹೊದಿಸಿದರು. ದಡದ ಕಲ್ಲುಗಳು ನಿಧಾನವಾಗಿ ಒಂದೊಂದೇ ಮುಳುಗಿದವು. ಕೊನೆಗೆ ದೋಣಿಗಳು ಒಳಗೆ ಬಂದವು.

"ಈ ನೀರನ್ನ ಎಳೆದು ತಂದೋನು ಚಂದ್ರನೇ ತಾನೆ? ಅವನ ಕೆಲಸ ಕಣ್ಣಾರೆ ನೋಡಿದ್ದಾಯ್ತು ಬಿಡು," ಎಂದ ಅಜ್ಜಿ, ಏರಿದ ನೀರಿಗೆ ಒಂದು ಚಮಚ ಹಾಲು ಬಿಟ್ಟು ಕೈಮುಗಿದರು. ಅಮ್ಮ ಅಲ್ಲೇ ಮೊಸರನ್ನದ ಡಬ್ಬಿ ಬಿಚ್ಚಿದರು.

ನೀವೆಲ್ಲ ಹಸಿವಾದಾಗ ತಿನ್ನುತ್ತೀರಿ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ತಪ್ಪೇನಿಲ್ಲ, ಮಕ್ಕಳೇ. ನಮ್ಮ ಮನೆಯಲ್ಲಿ ಮಾತ್ರ ಅಂದು ಅಜ್ಜಿ ತುತ್ತೆತ್ತುವವರೆಗೂ ಯಾರೂ ಉಂಡಿರಲಿಲ್ಲ. ಉಣ್ಣಬೇಡಿ ಎಂದು ನಮಗೆ ಯಾರೂ ಹೇಳಿರಲೂ ಇಲ್ಲ.