ಅಕ್ಕೋರ ಕಿರುಬೆರಳು

ಎತ್ತಿದ್ದರೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಆದರೆ ನನ್ನ ನೆನಪಿನಲ್ಲಿ ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರು ನನ್ನ ಅಜ್ಜಿ, ಆಯಿಯ ಮುಂದೆ ಇಂದಿಗೂ ಕಿರುಬೆರಳು ಎತ್ತಿಕೊಂಡೇ ಇದ್ದಾರೆ. ಅದನ್ನು ಇಳಿಸುವ ಮನಸ್ಸು ನನಗಿಲ್ಲ.

ಆಗ ಲಕ್ಷ್ಮೇಶ್ವರದ ಆ ಶಾಲೆಯಲ್ಲಿ ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಬೇಕಿತ್ತು. ನನ್ನ ಮೂತ್ರಚೀಲ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಒಳಗೆ ಉಳಿದದ್ದರಿಂದ ಸೋಂಕು, ಉರಿ, ಚಳಿಜ್ವರ. ಗದಗಿನ ಡಾಕ್ಟರು ಅವ್ವನಿಗೆ ಹೇಳಿದ್ದರು: "ನೀರು ಚಲೋತಂಗ ಕುಡಸ್ರಿ. ಬರ್ಲಿ ಬಿಡ್ಲಿ, ಎರಡು ತಾಸಿಗೊಮ್ಮೆ ಹೋಗ್ಬೇಕು, ಸಾವಕಾಶ ಕುಂಡ್ರಬೇಕು. ತಡಕೊಳ್ಳೂದು ಮಾತ್ರ ಬ್ಯಾಡ." ಅವ್ವ ಇದನ್ನೆಲ್ಲ ಅಕ್ಕೋರಿಗೂ ಹೇಳಿ ಬಂದಿದ್ದಳು.

ನಾನು ಬೆರಳೆತ್ತಿದರೆ ಅಕ್ಕೋರು, "ಎದ್ಲು ನೋಡ್ರಿ ತುಂಗಭದ್ರಾ! ಕುಂಡ್ರು, ಗಂಟಿ ಆಗ್ಲಿ," ಎನ್ನುತ್ತಿದ್ದರು. ವರ್ಗವೆಲ್ಲ ಗೊಳ್ಳೆಂದು ನಗುತ್ತಿತ್ತು. ಕುಡಿದರೆ ತಾನೇ ಬರುವುದು ಎಂದು ನೀರಿನ ಬಾಟಲಿಯನ್ನು ಮುಟ್ಟುವುದೇ ಬಿಟ್ಟೆ. ಮಳೆಗಾಲ ಶುರುವಾಗುವ ಹೊತ್ತಿಗೆ ಬೆನ್ನಿನ ಬಲಗಡೆ ಕಾದ ಸಳಿ ಚುಚ್ಚಿದಂಥ ನೋವು. ಆಮೇಲೆ ಗದಗಿನ ದವಾಖಾನೆಯ ಮಂಚ, ಸ್ಪಿರಿಟ್ಟಿನ ವಾಸನೆ, ರುಚಿಯಿಲ್ಲದ ಗಂಜಿ.

ಮನೆಗೆ ಬಂದಾಗ ಅವ್ವನ ತಾಯಿ, ನಮ್ಮ ಆಯಿ, ನನ್ನನ್ನು ಏನೂ ಕೇಳಲಿಲ್ಲ. ಶ್ರಾವಣ ಶುಕ್ರವಾರ ಅಕ್ಕೋರನ್ನು ಉಡಿ ತುಂಬಲು ಕರೆದಳು. ಹೋಳಿಗೆಯ ಮೇಲೆ ಹಾಲು, ಹಾಲಿನ ಮೇಲೆ ಮಜ್ಜಿಗೆ, ಅದರ ಮೇಲೆ ಚಹಾ.

"ಸಾಕ್ರಿ ಆಯಿ, ಹೊಟ್ಟಿ ಒಡೀತೈತಿ."

"ಹಂಗಂದ್ರ ಹೆಂಗ? ಮಕ್ಕಳಿಗೆ ವಿದ್ಯಾ ಕೊಡೋರು ನೀವು. ತಗೊಳ್ರಿ."

ಅಕ್ಕೋರು ಸೆರಗೊಡ್ಡಿ ಕುಳಿತ ಮೇಲೆ ಆಯಿ ಒಂದೊಂದೇ ಹಾಕಿದಳು: ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು. ನಡುನಡುವೆ ಒಂದು ಉದ್ದನೆಯ ಹಾಡು. ಅಕ್ಕೋರ ಹಣೆಯಲ್ಲಿ ಬೆವರು. ಸೆರಗು ಹಿಡಿದ ಕೈಯಿಂದಲೇ ಕಿರುಬೆರಳು ಮೇಲೆದ್ದಿತು.

"ಆಯಿ, ಒಂಚೂರು ಹಿತ್ತಲಕ್ಕ ಹೋಗಿ ಬರ್ತೀನ್ರಿ..."

"ಉಡ್ಯಾಗ ಅಕ್ಕಿ ಬಿದ್ದಾವು, ನಡುವ ಏಳ್ತಾರೇನ್ರಿ ಯಾರರ? ಕುಂಡ್ರಿ ಅಕ್ಕೋರ, ಆರತಿ ಗಂಟಿ ಆಗ್ಲಿ."

ಆರತಿಯ ಗಂಟೆ ನನ್ನ ಕೈಯಲ್ಲಿತ್ತು. ಆಯಿ ಕಣ್ಣು ತೋರಿಸುವ ತನಕ ನಾನು ಬಾರಿಸಲಿಲ್ಲ. ಆ ಬೆವರನ್ನು ನೆನೆದಾಗ ಇಂದಿಗೂ ನನ್ನ ಮೂಗಿಗೆ ಆ ಹೋಳಿಗೆಯ ಏಲಕ್ಕಿಯ ಘಮ ಬರುತ್ತದೆ, ಮನಸ್ಸಿಗೆ ಕರುಣೆ ಬರುವುದಿಲ್ಲ.

ಆಯಿ ಈಗಿಲ್ಲ. ನನ್ನ ಬಲಗಡೆಯ ಮೂತ್ರಪಿಂಡದ ಮೇಲೆ ಕಲೆಯಿದೆ, ಎಡಗಡೆಯದಕ್ಕಿಂತ ಅದು ಚಿಕ್ಕದು. ಪ್ರತಿ ಸ್ಕ್ಯಾನಿನಲ್ಲೂ ಕಾಣುತ್ತದೆ, ಅದು ಖರೆ. ಆದರೆ ವರ್ಗದಲ್ಲಿ ಅಕ್ಕೋರು ಆಡಿದ 'ಗಂಟಿ ಆಗ್ಲಿ' ಎಂಬ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದು ಆಯಿಯ ಬಾಯಿಗೆ ಹೇಗೆ ಬಂತು? ಅವಳೇ ಆಡಿದಳೋ, ಇಷ್ಟು ವರ್ಷಗಳಲ್ಲಿ ನಾನೇ ಅವಳಿಂದ ಆಡಿಸಿದೆನೋ, ನನಗೆ ಗೊತ್ತಿಲ್ಲ.