ಮೂಲೆಯ ಕಂಪ್ಯೂಟರಿನಲ್ಲಿಟ್ಟ ಪ್ರೋಗ್ರಾಂ

ಚಿಕ್ಕೋಡಿ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಮೂರನೇ ವರ್ಷ ಓದುವಾಗ ನಮ್ಮದೊಂದು ರೋಬೋಟ್ ತಂಡವಿತ್ತು. ನಿಪ್ಪಾಣಿಯ ಸೀನಿಯರ್ ಅಕ್ಕ, ತೆಲಸಂಗದಿಂದ ಬಂದಿದ್ದ ನನ್ನ ಸಹಪಾಠಿ ಗೆಳೆಯ, ಮತ್ತು ನಾನು. ಸ್ಪರ್ಧೆಯೊಂದಕ್ಕೆ ಕಬ್ಬಿಣದ ತೋಳಿನಿಂದ ಡಬ್ಬಿ ಎತ್ತಿಡುವ ಯಂತ್ರ ಮಾಡುತ್ತಿದ್ದೆವು. ಅದರ ಪ್ರೋಗ್ರಾಂ ಪೆನ್‌ಡ್ರೈವ್‌ಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಅಳಿಸಿಬಿಡುತ್ತಿದ್ದರು. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನೆಲ್ಲ ಕಾದಿಡುವ ಸಾಫ್ಟ್‌ವೇರ್ ಆರಿಸಲು ಒಂದು ಮಧ್ಯಾಹ್ನ ಕೂತೆವು.

"ಗಿಟ್ ಹಾಕೂಣ್ರಿ ಅಕ್ಕಾ," ಅಂದ ಗೆಳೆಯ. "ಮೂರೂ ಮಂದಿ ಪೆನ್‌ಡ್ರೈವಿನಾಗ ಮೊದಲಿಂದ ಕಡೀತನಕ ಎಲ್ಲಾ ಇರ್ತೈತಿ. ಒಂದ್ ಕೆಟ್ರ ಇನ್ನೆರಡ ಉಳೀತಾವ."

"ಅದನ್ನ ಕಲಿಯಾಕ ಟೈಮ್ ಎಲ್ಲೈತೋ? ಸಬ್‌ವರ್ಶನ್ ಸಾಕು. ಲ್ಯಾಬಿನ ಮೂಲಿ ಕಂಪ್ಯೂಟರಿನಾಗ ಇಡೂಣು, ಎಲ್ಲಾರೂ ಅಲ್ಲಿಂದನ ತಗೊಳ್ಳೂದು." ಅಕ್ಕ ನನ್ನ ಕಡೆ ತಿರುಗಿದಳು. "ನೀ ಏನಂತಿ?"

ಹಿಂದಿನ ದಿನವಷ್ಟೇ ಆ ಕಂಪ್ಯೂಟರಿನೊಳಗಿಂದ ಟಿಕ್ ಟಿಕ್ ಸದ್ದು ಕೇಳಿದ್ದೆ. ಲ್ಯಾಬ್ ನೋಡಿಕೊಳ್ಳುವ ಕಾಕಾ, "ಡಿಸ್ಕ್ ಹೋಗೂ ಹಂಗ ಐತಿ ಯವ್ವಾ, ಮ್ಯಾಲ ಬರದ ಕಳಿಸೇನಿ," ಅಂದಿದ್ದರು. ಹೇಳಿದರೆ ಗಿಟ್ ಕಲಿಯಬೇಕಾದೀತು ಎಂಬ ಅಂಜಿಕೆ ನನಗೆ.

"ಅಕ್ಕ ಹೇಳೂದ ಸರಿ," ಎಂದೆ.

ಅಂದಿನಿಂದ ಲ್ಯಾಬಿಗೆ ಹೋದೊಡನೆ ಮೊದಲು ಆ ಮೂಲೆಗೆ ಕಿವಿ ಕೊಡುತ್ತಿದ್ದೆ. ಸದ್ದಿದ್ದರೆ ಅಂಜಿಕೆಯಾಗುತ್ತಿತ್ತು. ಸದ್ದಿಲ್ಲದ ದಿನ ಇನ್ನೂ ಹೆಚ್ಚು. ಎರಡನೇ ವಾರ ಒಂದು ಮುಂಜಾನೆ ಕರೆಂಟ್ ಹೋಗಿ ಬಂತು. ಮೂಲೆಯ ಕಂಪ್ಯೂಟರ್ ಮಾತ್ರ ಶುರುವಾಗಲಿಲ್ಲ. ಉಳಿದ ಕಂಪ್ಯೂಟರುಗಳಂತೂ ಬಂದ್ ಆದೊಡನೆ ನಾವು ಇಟ್ಟಿದ್ದನ್ನೆಲ್ಲ ಅಳಿಸುವಂಥವು.

ಉಳಿದದ್ದು ನನ್ನ ಪೆನ್‌ಡ್ರೈವಿನಲ್ಲಿದ್ದ ಹಳೆಯ ಪ್ರತಿಯೊಂದೇ. ತೋಳು ಮೇಜು ಮುಟ್ಟುವ ಮುನ್ನ ನಿಲ್ಲಬೇಕೆಂಬ ಭಾಗ ಅದರಲ್ಲಿರಲಿಲ್ಲ; ಅದನ್ನು ಗೆಳೆಯ ಆಮೇಲೆ ಬರೆದಿದ್ದ. ಅವನು ನೆನಪಿನಿಂದಲೇ ಅದನ್ನು ಮತ್ತೆ ಬರೆದು, ಅದೇ ಪೆನ್‌ಡ್ರೈವಿನ ಇನ್ನೊಂದು ಫೋಲ್ಡರಿನಲ್ಲಿಟ್ಟ. ಯಂತ್ರಕ್ಕೆ ಹಾಕುವ ಕೆಲಸ ನನ್ನದು. ಅವಸರದಲ್ಲಿ ಹಳೆಯ ಫೋಲ್ಡರಿನದನ್ನೇ ಹಾಕಿದ್ದೆ.

ಅವನು ಡಬ್ಬಿ ಸರಿಯಾಗಿಡಲು ಬಗ್ಗಿದ್ದ. ತೋಳು ಕೆಳಗಿಳಿಯಿತು. ನಿಲ್ಲಲಿಲ್ಲ.

"ವೈರ್ ಕೀಳ ಲಗೂನ!" ಎಂದು ಚೀರಿದ ಅಕ್ಕ ತಾನೇ ಕಿತ್ತಳು. ಅಷ್ಟರಲ್ಲಿ ಅವನ ಎರಡು ಬೆರಳು ಮುರಿದಿದ್ದವು.

ಆಸ್ಪತ್ರೆಯ ಬೆಂಚಿನ ಮೇಲೆ ಅವನಿಗೆ ಎಲ್ಲ ಹೇಳಿದೆ, ಫೋಲ್ಡರಿನದೂ, ಡಿಸ್ಕಿನದೂ. ಅವನು ಬ್ಯಾಂಡೇಜ್ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ಅವತ್ತ ಹೇಳಬೇಕಿತ್ತ ನೋಡ ನೀ," ಅಂದ.

ಸ್ಪರ್ಧೆಗೆ ಹೋಗಲಿಲ್ಲ. ನಾಲ್ಕು ದಿನ ಕೂತು ನಾನು ಗಿಟ್ ಕಲಿತೆ. ಅಕ್ಕನಿಗೂ ನಾನೇ ಕಲಿಸಿದೆ. ಗೆಳೆಯ ತಂಡಕ್ಕೆ ಮರಳಿ ಬಂದ. ಅವನ ಒಂದು ಬೆರಳನ್ನು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಅದರ ಮಾತನ್ನು ಅವನು ಒಮ್ಮೆಯೂ ತೆಗೆಯಲಿಲ್ಲ. ಆದರೆ ನಾನು ಪ್ರೋಗ್ರಾಂ ಹಾಕಲು ಕೂತಾಗಲೆಲ್ಲ ಮೇಜಿನಿಂದ ದೂರ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ.