ಸಹರೂಲನ ಬೆಳ್ಳಿನೀರು

ಬೆಲಿಟುಂಗ್ ಕಡಲ ಪುಟ್ಟ ದ್ವೀಪವೊಂದರಲ್ಲಿ, ಡಚ್ಚರು ನಿಲ್ಲಿಸಿದ ಬಿಳಿ ಕಬ್ಬಿಣದ ದೀಪಸ್ತಂಭವನ್ನು ಸಹರೂಲ್ ಜೀವಮಾನವಿಡೀ ಕಾದಿದ್ದ. ಅದರ ದೀಪದ ಸುತ್ತಲಿನ ದೈತ್ಯ ಗಾಜು ಪಾದರಸದ ತೊಟ್ಟಿಯ ಮೇಲೆ ತೇಲುತ್ತಿತ್ತು. ಒಂದೇ ಬೆರಳಿನಿಂದ ತಳ್ಳಿದರೂ ತಿರುಗುತ್ತಿತ್ತು. ದ್ವೀಪದವರು ಬೆಳ್ಳಿನೀರು ಎನ್ನುವ ಆ ಪಾದರಸವನ್ನು ಆಗಾಗ ಬಟ್ಟೆಯಲ್ಲಿ ಹಿಂಡಿ ಸೋಸಬೇಕಿತ್ತು. ಸಹರೂಲ್ ಬರಿಗೈಯಲ್ಲೇ ಸೋಸುತ್ತಿದ್ದ. ಕೈಗವಸಿನ ಮಾತನ್ನು ಮೇಲಿನವರು ಯಾರೂ ಎತ್ತಲಿಲ್ಲ.

ಈಗ ಅವನಿಗೆ ಕಾಫಿ ಲೋಟ ಹಿಡಿಯಲೂ ಆಗದು.

"ಆನೆಯಂಥಾ ಗಾಜು ತಿರುಗಿಸ್ದೋರು, ಲೋಟಕ್ಕೆ ಸೋತ್ರಲ್ಲಾ!" ಎಂದು ಹಂಗಿಸುತ್ತಲೇ ಹೆಂಡತಿ ರೋಹಾಯ ಕುಡಿಸುವಳು.

ಡಾಕ್ಟರು ಪಾದರಸದ ವಿಷ ಎಂದಾಗಲೂ ಅವನು ಅಂಜಲಿಲ್ಲ. "ನನ್ ಕೈ ತಾನೆ, ನಡುಗ್ಲಿ ಬಿಡೇ," ಎಂದಿದ್ದ.

ಇವತ್ತು ಬಸುರಿ ಮಗಳು ನೂರ್ಮಿ ಕೂಸಿನ ಅಂಗಿ ಹೊಲಿಯಲು ಕೂತಳು. ಎಷ್ಟು ಹೆಣಗಿದರೂ ಸೂಜಿಗೆ ದಾರ ಹೋಗಲಿಲ್ಲ. "ಯಾಕೋ ಕೈ ನಿಲ್ತಾನೇ ಇಲ್ಲಪ್ಪಾ. ಬಸುರೀಲಿ ಹೀಗೇ ಇರ್ಬೇಕು," ಎಂದು ನಕ್ಕಳು.

ಸಹರೂಲ್ ಅವಳ ಬೆರಳುಗಳನ್ನೇ ನೋಡಿದ. ಆ ದ್ವೀಪದಲ್ಲಿ ಮಕ್ಕಳಿಗೆ ಆಟಿಕೆಗಳೇ ಇರಲಿಲ್ಲ. ಗೋಪುರದಿಂದ ಇಳಿಯುವಾಗೆಲ್ಲ ತೆಂಗಿನ ಕರಟದಲ್ಲಿ ಒಂದು ತೊಟ್ಟು ಬೆಳ್ಳಿನೀರು ತಂದು, ಬಾಗಿಲಲ್ಲಿ ಅಂಗೈ ಚಾಚಿ ಕಾಯುತ್ತಿದ್ದ ಪುಟ್ಟ ನೂರ್ಮಿಗೆ ಆಡಲು ಕೊಡುತ್ತಿದ್ದವನು ಅವನೇ.